ಮಲವಗೊಪ್ಪದಲ್ಲಿ ಕಾರಿನಿಂದ ಇಳಿದದ್ದು

ನನ್ನ ಹಳೆಯ ಡೈರಿಯಲ್ಲಿ ೧೯೯೮ರ ಮೇ ೧೪ರಂದು ‘ಮಲವಗೊಪ್ಪದಲ್ಲಿ ಕಾರಿನಿಂದ ಇಳಿದೆ’ ಎಂದಿದೆ. ಅಂದು ಭದ್ರಾವತಿಯಲ್ಲಿ ತಂಗಿಯ ಮೊಮ್ಮಗನ ನಾಮಕರಣ. ತೊಟ್ಟಿಲ ಹಾಡು ನಾನೇ ಹೇಳಬೇಕಿತ್ತು. ದಾರಿಯಲ್ಲಿ ಯಜಮಾನರು, “ಬಸ್ಸಿನಲ್ಲಿ ಕಂಡಕಂಡವರನ್ನು ದಿಟ್ಟಿಸಿ ಕಥೆ ಬರೆಯೋ ಹುಚ್ಚು ಇನ್ನು ಬಿಡು. ಅದಕ್ಕೇ ಕಾರು ತಗೊಂಡಿದ್ದು” ಎಂದರು.

“ಕಾರಲ್ಲಿ ನಿಮ್ಮನ್ನು ಬಿಟ್ಟು ಇನ್ಯಾರು ಕಾಣ್ತಾರೆ? ನಿಮ್ಮ ಕಥೆ ನನಗೆ ಗೊತ್ತಿರೋದೇ. ನಿಲ್ಲಿಸಿ” ಎಂದು ಇಳಿದು ಬಸ್ಸು ಹತ್ತಿದೆ.

ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು ಗೋಡೆ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ನೋಡುತ್ತಲೇ ಇದ್ದೆ.

“ಏನಕ್ಕಾ, ಹಂಗ್ ನೋಡ್ತೀರಾ? ಕದ್ದಿದ್ದಲ್ಲ ಇದು.”

“ಗೊತ್ತು. ನಿಮ್ಮ ಯಜಮಾನರು ರಿಟೈರ್ ಆದಾಗ ಫ್ಯಾಕ್ಟರಿಯಲ್ಲಿ ಕೊಟ್ಟಿದ್ದು. ಅದು ಗಂಟೆ ಹೊಡೆದಾಗಲೆಲ್ಲ ಅವರು ಕಾಫಿ ಕೇಳ್ತಾರೆ. ಸಾಕಾಗಿ ಮಾರೋಕೆ ಹೋಗಿದ್ರಿ.”

ಅವಳು ಬಿದ್ದೂ ಬಿದ್ದೂ ನಕ್ಕಳು. “ಎಲ್ಲಿ ಯಜಮಾನರು, ಮಾರಾಯ್ತಿ! ರಿಟೈರ್ ಆಗಿದ್ದು ನಾನು. ರಿಪೇರಿ ಮಾಡಿಸ್ಕೊಂಡು ಬರ್ತಿದ್ದೀನಿ.”

ಕಥೆಯಿಂದ ಗಂಡನನ್ನು ಅಲ್ಲೇ ತೆಗೆದುಹಾಕಿದೆ. ಉಳಿದದ್ದನ್ನು ಅವಳ ಬಾಯಿಂದಲೇ ಕೇಳುತ್ತಿರುವಾಗ ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ತಂಗಿಯ ಮನೆ ಸೇರುವಷ್ಟರಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿಯಾಗಿತ್ತು, ಹಾಡನ್ನು ಬೀಗಿತ್ತಿ ಹೇಳಿದ್ದರು. ಕಥೆ ಚೆನ್ನಾಗಿಯೇ ಬಂತು. ತಂಗಿ ಮಾತ್ರ ಎರಡು ವರ್ಷ ನನ್ನೊಂದಿಗೆ ಮಾತು ಬಿಟ್ಟಳು.