ಮಾರ್ಥಾಬಾಯಿಯ ಹಸಿದ ಇದ್ದಲಿ

ಆಗ ನನಗೆ ಐವತ್ತಾರು. ಹತ್ತು ವರ್ಷದ ಹಿಂದಿನ ಮಾತು. ಇದ್ದಲಿ ಸುಡೋ ಕೆಲಸಕ್ಕೆ ಬಿಳಿ ಸೀರೆ ಉಟ್ಟು ಬರುವ ಹೆಂಗಸನ್ನ ನಾನು ಅಲ್ಲಿತನಕ ಕಂಡಿರಲಿಲ್ಲ.

ಮಾರ್ಥಾಬಾಯಿ ಬೀದರದ ದವಾಖಾನೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು. ಮುಂಜಾನೆ ನಮ್ಮ ಎಕಂಬಾದಲ್ಲಿ ಬಸ್ ಇಳಿಯುವಾಗ ಬೆಳ್ಳಗೆ, ಸಂಜೆ ಹತ್ತುವಾಗ ಕರ್ರಗೆ.

"ಬಿಳೀದು ಯಾಕ ಉಡ್ತೀರಿ ಬಾಯಿ?"

"ಎಷ್ಟು ಕೆಲಸ ಆತು ಅಂತ ಕಾಣಬೇಕಲ್ಲ ತಾರಾ."

ಮಳೆ ಇಲ್ಲದ ಎರಡನೇ ವರ್ಷ. ಅರ್ಧ ಊರು ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗಿತ್ತು. ಈ ಸಲವೂ ಹೊಲ ಏಳದಿದ್ದರೆ ನಾನೂ ಕೂಲಿ ಜನರನ್ನ ಒಯ್ಯುವ ಮುಕಾದಮನ ಲಾರಿ ಹತ್ತೋದು ಅಂತ ಇದ್ದೆ. ಹೊಲ ಬಿಟ್ಟು ಹೋಗುವವರು ಒಲೆಗೆ ಬೇಕಾದಷ್ಟು ತೊಗರಿ ಕಟ್ಟಿಗೆ ಇಟ್ಟುಕೊಂಡು ಉಳಿದದ್ದಕ್ಕೆ ಬೆಂಕಿ ಹಚ್ಚುತ್ತಿದ್ದರು. ಬಾಯಿ ಅದನ್ನ ಬೂದಿಯಾಗಲು ಬಿಡಲಿಲ್ಲ. ಗುಂಡಿಯಲ್ಲಿ ಸುಡಿಸಿ, ಕೆಂಡವಾಗುತ್ತಲೇ ಮಣ್ಣು ಮುಚ್ಚಿಸುತ್ತಿದ್ದರು.

"ಗಿಡ ಗಾಳ್ಯಾಗಿನ ಕಾರ್ಬನ್ ಕುಡಿದು ಬೆಳೀತದ. ಬೂದಿ ಮಾಡಿದ್ರ ಮತ್ತ ಮ್ಯಾಲೆ ಹೋಗ್ತದ, ಬಿಸಿಲು ಏರ್ತದ. ಇದ್ದಲಿ ಮಾಡಿ ಹುಗಿದ್ರ ನೆಲದಾಗೇ ಬಿದ್ದಿರ್ತದ. ಹಸಿನೂ ಹಿಡೀತದ."

"ನಮ್ಮ ನಾಕು ಗುಂಡಿಲೆ ಜಗತ್ತಿನ ಬಿಸಿಲು ಇಳೀತದೇನ್ರಿ?"

"ಇಲ್ಲ. ಊರಿನ ಎಲ್ಲಾರ ಜ್ವರ ನಾ ಇಳಿಸಿದ್ನೇನ? ಎದುರಿಗಿದ್ದವರ ಹಣಿಗಿ ಪಟ್ಟಿ ಹಾಕ್ತಿದ್ದೆ."

ಇದ್ದಲಿಯನ್ನ ದನದ ಉಚ್ಚೆ, ಸೆಗಣಿಯಲ್ಲಿ ನೆನೆಸಿ ಹಾಕಬೇಕು. ಅಷ್ಟರಲ್ಲಿ ಮೋಡ ಬಂತು. ಬಾಯಿಗೆ ಅವಸರ. ಒಣ ಇದ್ದಲಿಯನ್ನೇ ನನ್ನ ಅರ್ಧ ಹೊಲಕ್ಕೆ ಹಾಕಿಸಿ ಬಿತ್ತಿಸಿದರು. ಆ ಅರ್ಧ ಹಳದಿಯಾಗಿ ಎದ್ದಿತು. ಬಾಜೂ ಹೊಲದ ಮಾಣಿಕಪ್ಪ ಊರೆಲ್ಲ ಹೇಳಿದ, "ನರ್ಸಬಾಯಿ ತೊಗರಿಗಿ ಕಾಮಣಿ ರೋಗ ಹಚ್ಚ್ಯಾಳ!"

"ನನ್ನ ಹೊಲ ಕೊಂದ್ರಿ," ಅಂದೆ.

"ಹೌದು. ತಪ್ಪು ನಂದೇ. ಒಣ ಇದ್ದಲಿ ಹಸಿದಿರ್ತದ ತಾರಾ. ನಿನ್ನ ಬೆಳಿ ಉಣ್ಣೋದು ತಾನೇ ಉಂಡದ. ಈಗ ಅದಕ್ಕ ಉಣಿಸಬೇಕು."

ಮರುದಿನದಿಂದ ಆ ಬಿಳಿ ಸೀರೆ ಬಕೆಟ್ ಹಿಡಿದು ಕೊಟ್ಟಿಗೆ ಕೊಟ್ಟಿಗೆ ತಿರುಗಿತು. "ಉಚ್ಚಿ ಕೊಡ್ರೆವ್ವಾ, ಪೇಶಂಟ್ ಸೀರಿಯಸ್ ಅದ." ಜನ ನಕ್ಕರು, ಕೊಟ್ಟರು. ನೀರು ಬೆರೆಸಿ ಸಾಲು ಸಾಲಿಗೆ ಇಬ್ಬರೂ ಹೊಯ್ದೆವು. ನಾನು ಬೈಯುತ್ತಲೇ ಹೊಯ್ದೆ.

ಬೆಳೆ ಮೆಲ್ಲಗೆ ಹಸಿರಾಯಿತು. ಆಮೇಲೆ ಮಳೆ ಮಾಯ. ಬಿಸಿಲಿಗೆ ಮಾಣಿಕಪ್ಪನ ಹೊಲ ಬಾಡಿತು, ನನ್ನ ಇನ್ನರ್ಧವೂ ಬಾಡಿತು. ಇದ್ದಲಿಯ ಅರ್ಧ ನಿಂತಿತು. ಅಗೆದು ನೋಡಿದರೆ ಬೇರಿನ ಹತ್ತಿರ ಮಣ್ಣು ಇನ್ನೂ ತಣ್ಣಗಿತ್ತು. ಭಾರೀ ಫಸಲೇನಲ್ಲ, ವರ್ಷದ ಬ್ಯಾಳಿಗಾಯಿತು. ಮುಕಾದಮ ಬಂದಾಗ "ನಾ ಬರಂಗಿಲ್ಲ" ಅಂದೆ.

ಹೋದ ವರ್ಷ ಬಾಯಿ ಭಾಲ್ಕಿಯಲ್ಲಿ ತಮ್ಮನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದೆ. ಸೀರೆ ಬೆಳ್ಳಗಿತ್ತು.

"ನೋಡು, ಒಂದು ಕಲೆ ಇಲ್ಲ. ನಾಚಿಕಿ ಬರ್ತದ," ಅಂದರು. "ಇದ್ದಲಿ ನೆನಸೀಯೇನ?"

"ಇನ್ನೂ ಇಲ್ರಿ."

"ಮತ್ತ ಮೋಡದ ಮಾರಿ ನೋಡಕೋತ ಕೂತೀಯೇನ? ನನ್ನ ನೋಡಿದ್ದು ಸಾಕು, ಹೋಗು."

ಚಹಾನೂ ಕುಡಿಯಲು ಬಿಡಲಿಲ್ಲ. ಮತ್ತೆ ಅವರನ್ನ ನೋಡಲಿಲ್ಲ.

ಮರುದಿನ ಮುಂಜಾನೆ ಬಕೆಟ್ ಹಿಡಿದು ಮೊದಲು ಮಾಣಿಕಪ್ಪನ ಕೊಟ್ಟಿಗೆಗೆ ಹೋದೆ. "ಇಲ್ಲ ಅಕ್ಕಾ," ಅಂದ, "ನನ್ನ ಇದ್ದಲಿ ಗುಂಡಿಗೇ ಉಚ್ಚಿ ಸಾಲವಲ್ದು." ಮುಂದಿನ ಮನೆಗೆ ನಡೆದೆ.