ಸುಂದ್ರತ್ತಿಯ ಮರಾಠಿ ಭಾಷಣ

ಮಸಾಲೆಗೆಂದು ನಿನ್ನೆ ಲವಂಗ ಕುಟ್ಟುತ್ತಿದ್ದೆ. ಘಾಟು ಮೂಗಿಗೆ ಏರಿದ್ದೇ ತಡ, ನಮ್ಮ ಸುಂದ್ರತ್ತಿ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಂತಾಯಿತು. ಗಂಟಲು ಕೆಟ್ಟೀತೆಂದು ಅವಳು ಸದಾ ದವಡೆಯಲ್ಲೊಂದು ಲವಂಗ ಒತ್ತಿಕೊಂಡಿರುತ್ತಿದ್ದಳು. ಹಾಡುವವಳೇ ಎಂದು ನೀವು ಕೇಳಬಹುದು. ಅವಳು ಜೋಗುಳ ಹಾಡಿದರೆ ಮಲಗಿದ ಕೂಸು ಎದ್ದು ಅಳುತ್ತಿತ್ತು. ಆ ಗಂಟಲು ಇದ್ದದ್ದು ವಾದಕ್ಕೆ.

ಅವಳು ಅಪ್ಪನ ಅಕ್ಕ. ಧಾರವಾಡದಲ್ಲಿ ಗಂಡ ತೀರಿಕೊಂಡ ಮೇಲೆ ಪುಣೆಗೆ, ನಮ್ಮ ಮನೆಗೆ ಬಂದಳು. ನಾರಾಯಣ ಪೇಠೆಯ ಒಂದು ವಾಡೆಯಲ್ಲಿ ನಮಗೆ ಎರಡು ಕೋಣೆ. ಅಂಗಳದ ಸುತ್ತ ಇನ್ನೂ ಹತ್ತು ಸಂಸಾರ, ಎಲ್ಲರೂ ಮರಾಠಿಯವರು. ಮರಾಠಿಯಲ್ಲಿ ಗೋಡೆ, ಬಾಗಿಲಿಗೂ ಗಂಡು-ಹೆಣ್ಣೆಂಬ ಲೆಕ್ಕ ಉಂಟಲ್ಲ, ಅತ್ತಿ ಅದನ್ನು ತನಗೆ ತೋಚಿದಂತೆ ಹಂಚುತ್ತಿದ್ದಳು. ನೆರೆಯವರು ನಗುತ್ತಿದ್ದರು. ಆಕೆಯೇ ಹೆಣೆದ ಜಡೆ ಕುಣಿಸುತ್ತ ನಾನೂ ನಗುತ್ತಿದ್ದೆ. ಒಂಬತ್ತು ವರ್ಷದವಳಿಗೆ ಅಷ್ಟೇ ಬುದ್ಧಿ.

ಒಂದು ದಿನ ವಾಡೆಗೆ ವಹಿ ಹಿಡಿದ ಗುಮಾಸ್ತನೊಬ್ಬ ಬಂದ. ಶಾಲೆಗೆ ಕಳಿಸುವುದು ಇನ್ನು ಕಡ್ಡಾಯವಾಗಲಿದೆಯಂತೆ, ಆದರೆ ಸದ್ಯಕ್ಕೆ ಗಂಡುಮಕ್ಕಳಿಗಷ್ಟೇ. ನನ್ನ ತಮ್ಮನ ಹೆಸರು ಬರೆದುಕೊಂಡು ಹೊರಟವನನ್ನು ಅತ್ತಿ ತಡೆದಳು. ಈ ಹುಡುಗಿಯ ಹೆಸರು? ಹುಡುಗಿಯರಿಗೆ ಈ ವಹಿಯಲ್ಲಿ ಜಾಗವಿಲ್ಲ ಬಾಯಿಯವರೇ, ಎಂದ ಆತ, ಪಾಪ, ಮೆತ್ತಗೆ.

ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನ. ಕೆಟ್ಟವನಲ್ಲ, ದಡ್ಡನಂತೂ ಅಲ್ಲ. ಊಟಕ್ಕೆ ಕೂತಾಗ ಹೇಳಿದ: “ಅಕ್ಕಾ, ಎಲ್ಲಾರಿಗೂ ಒಮ್ಮೆಗೇ ಶಾಲಿ ಅಂದ್ರ ಎಲ್ಲಿಂದ ತರಬೇಕು ಮಾಸ್ತರನ್ನ? ಅರ್ಧಾನರೆ ಆಗಲಿ. ನಮ್ಮ ಹುಡಿಗಿ ಚಿಂತಿ ಬ್ಯಾಡ, ಆಕಿನ್ನ ನಾ ಫೀ ಕೊಟ್ಟು ಕಳಸ್ತೀನಿ.”

“ನಿನ್ನ ಮಗಳು ಕಲೀತಾಳ, ಭಾಳ ಛಲೋ ಆತು,” ಎಂದಳು ಅತ್ತಿ. “ವಾಡೇದಾಗ ಇನ್ನ ಏಳು ಮಂದಿ ಹುಡಿಗ್ಯಾರು ಇದ್ದಾರ. ಅವರಪ್ಪಂದಿರು ಕಳಸ್ತಾರೇನು? ಶನಿವಾರ ಗುಡಿಯಾಗ ಇದರ ಠರಾವಿಗೆ ಸಭಾ ಅದ. ನಾ ಮಾತಾಡಾಕಿ.”

“ಮರಾಠಿಯೊಳಗ?”

“ಕೇಳವರು ಮರಾಠಿಯವರು. ಮತ್ತ್ಯಾವುದರಾಗ ಮಾತಾಡ್ಲಿ?”

ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿದ. “ನನ್ನ ನೌಕರಿ ಸರಕಾರದ್ದು, ಅಕ್ಕಾ.”

“ಗೊತ್ತದ, ತಮ್ಮಾ,” ಎಂದವಳು ಅವನಿಗೆ ಸಾರು ಬಡಿಸಿದಳು.

ಶನಿವಾರ ಸಂಜೆ ನನ್ನ ಕೈ ಹಿಡಿದುಕೊಂಡೇ ಹೋದಳು. ಗುಡಿಯ ಅಂಗಳದ ತುಂಬ ಪೇಟಗಳು, ರುಮಾಲುಗಳು; ಹೆಂಗಸರು ಒಂದು ಮೂಲೆಯಲ್ಲಿ. ಹಿರಿಯರೊಬ್ಬರು ಅಪ್ಪನ ಮಾತನ್ನೇ ಚೆಂದಾಗಿ ಹೇಳಿ ಚಪ್ಪಾಳೆ ಗಳಿಸಿದರು. ಆಮೇಲೆ ಅತ್ತಿ ಎದ್ದಳು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ಮೂರನೆಯ ವಾಕ್ಯಕ್ಕೆ ಶಾಲೆಯನ್ನು ಗಂಡು ಮಾಡಿಬಿಟ್ಟಳು. ಯಾರೋ ಕಿಸಕ್ಕೆಂದರು, ನಗು ಅಂಗಳವಿಡೀ ಹಬ್ಬಿತು. ಅಂದು ಮಾತ್ರ ನನಗೆ ನಗು ಬರಲಿಲ್ಲ. ಸೆರಗು ಎಳೆದು ಕೂರಿಸಬೇಕೆನಿಸಿತು.

ಅವಳು ಕೂರಲಿಲ್ಲ. ನಗು ಮುಗಿಯುವವರೆಗೆ ಕಾದಳು. ಮುಂದೆ ಅವಳು ಮರಾಠಿಯಲ್ಲಿ ಆಡಿದ್ದು ನಮ್ಮ ಮಾತಿನಲ್ಲಿ ಇಷ್ಟು:

“ನಾ ತಪ್ಪು ಮಾತಾಡೀನಿ, ಹೌದ್ರಿ. ಸಣ್ಣಾಕಿದ್ದಾಗ ನನ್ನ ಯಾರೂ ಶಾಲಿಗೆ ಕಳಸಲಿಲ್ಲ. ಇನ್ನ ಮೂವತ್ತು ವರ್ಷಕ್ಕ ನಿಮ್ಮ ಹೆಣ್ಣುಮಕ್ಕಳು ಹಿಂಗ ಎದ್ದು ನಿಂತಾಗ ಮಂದಿ ನಗಬೇಕೇನ್ರಿ?”

ಅವಳು ಮತ್ತೆ ಹತ್ತು ನಿಮಿಷ ಮಾತಾಡಿದಳು, ತಪ್ಪುತಪ್ಪಾಗಿ, ಕೊನೆಯವರೆಗೆ. ಠರಾವು ಮಾತ್ರ ಇದ್ದ ಹಾಗೆಯೇ ಪಾಸಾಯಿತು. ಗಂಡುಮಕ್ಕಳಿಗಷ್ಟೇ.

ಸೋಮವಾರ ಕಚೇರಿಯಲ್ಲಿ ನಡೆದದ್ದನ್ನು ಅಪ್ಪ ನಮಗೆ ಹೇಳಲೇ ಇಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ಪಕ್ಕದ ಮೇಜಿನವರು ಹೇಳಿದರು. ಸಾಹೇಬರು ಕರೆಸಿ, ನಿಮ್ಮ ಅಕ್ಕ ಇನ್ನು ಸಭೆಗಳಲ್ಲಿ ಮಾತಾಡುವುದಿಲ್ಲವೆಂದು ಬರೆದುಕೊಡಿ ಎಂದರಂತೆ. ಆಕೆಯ ಅಭಿಪ್ರಾಯವನ್ನು ತಾನು ಒಪ್ಪುವುದಿಲ್ಲವೆಂದು ಬೇಕಾದರೆ ಬರೆದುಕೊಡುತ್ತೇನೆ, ಆಕೆಯ ಬಾಯಿ ಕಟ್ಟಿ ಬರೆದುಕೊಡಲಾರೆ, ಎಂದನಂತೆ ಅಪ್ಪ. ಆ ವರ್ಷದ ಬಡ್ತಿ ಬೇರೆಯವರಿಗೆ ಹೋಯಿತು.

ನಾವು ಕಂಡದ್ದು ಇಷ್ಟೇ: ಆ ವಾರದಿಂದ ದಿನಾ ಬೆಳಿಗ್ಗೆ ಚಹದ ಹೊತ್ತಿಗೆ ಅಪ್ಪ ಅವಳನ್ನು ಎದುರು ಕೂರಿಸಿಕೊಂಡು ಮರಾಠಿ ತಿದ್ದುತ್ತಿದ್ದ. “ಶಾಲಿ ಹೆಣ್ಣು, ಅಕ್ಕಾ. ನಾ ನಿನ್ನ ಮಾತು ಒಪ್ಪಿಲ್ಲ, ನೆನಪಿರಲಿ. ಆದರ ಶಾಲಿ ಹೆಣ್ಣು.” ಅವರ ಜಗಳ ಕೊನೆತನಕ ಮುಗಿಯಲಿಲ್ಲ. ವಹಿಯಲ್ಲಿ ಹುಡುಗಿಯರ ಹೆಸರು ಹತ್ತಲು ವರ್ಷಗಳೇ ಹಿಡಿದವು, ಅಷ್ಟೂ ವರ್ಷ ಅತ್ತಿ ಸಭೆಗಳಲ್ಲಿ ಎದ್ದು ನಿಲ್ಲುವುದನ್ನು ಬಿಡಲಿಲ್ಲ.

ಈಗ ಬ್ರಿಟಿಷರು ಹೋಗಿ ನಮ್ಮದೇ ಸರಕಾರ ಬಂದಿದೆ. ಕಾಲೇಜಿಗೆ ಹೋಗುವ ನನ್ನ ಮಗಳು ರೇಶನ್ ಪದ್ಧತಿಯನ್ನೇ ತೆಗೆದುಹಾಕಬೇಕೆಂದು ಇವತ್ತಿನ ಸಭೆಯಲ್ಲಿ ಮಾತಾಡುತ್ತಾಳಂತೆ. ತೆಗೆದರೆ ಬಡವರಿಗೆ ಜೋಳ ಸಿಗಲಿಕ್ಕಿಲ್ಲವೆಂದು ನನ್ನ ಲೆಕ್ಕ. ಎರಡು ದಿನದಿಂದ, ನಿನಗ್ಯಾಕ ಬೇಕು ಇದೆಲ್ಲಾ, ಸುಮ್ಮನಿರು ಎನ್ನುತ್ತಲೇ ಇದ್ದೆ. ಇವತ್ತು ಬೆಳಿಗ್ಗೆ ಅವಳ ಕೋಣೆಗೆ ಹೋದೆ.

“ಸಭಾ ಎಷ್ಟಕ್ಕ?”

“ಐದಕ್ಕ. ಹೋಗಬ್ಯಾಡ ಅಂತೀಯೇನವ್ವಾ?”

“ಇಲ್ಲ. ನಾನೂ ಬರ್ತೀನಿ. ಮುಂದ ಕೂತು ನೀ ಹೇಳೂದೆಲ್ಲಾ ಕೇಳ್ತೀನಿ.”

“ಆಮ್ಯಾಲೆ?”

“ಆಮ್ಯಾಲೆ ಎದ್ದು ನಿಂತು ಉತ್ತರಾ ಕೊಡ್ತೀನಿ.”

ನನ್ನ ಮೂವತ್ತಾರು ವರ್ಷದ ಬಾಳಿನಲ್ಲಿ ನಾನು ಯಾವ ಸಭೆಯಲ್ಲೂ ತುಟಿ ಬಿಚ್ಚಿದವಳಲ್ಲ. ಈಗ ಮೂರು ಗಂಟೆ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡಾಗಿದೆ. ಇನ್ನು ಸೀರೆ ಉಟ್ಟುಕೊಳ್ಳಬೇಕು.