ನಾಯಿಯ ಬೋಗುಣಿಯಲ್ಲಿ ಅತ್ತೆಯ ಕೈ

ಬೀದಿಯಲ್ಲಿ ಬಡಕಲು ನಾಯಿ ಕಂಡರೂ ಎದುರಿನ ಫುಟ್‌ಪಾತಿಗೆ ದಾಟುವವಳು ನಾನು. ಅಂಥವಳ ಮನೆಗೆ, ಎಲೆಕ್ಟ್ರಾನಿಕ್ ಸಿಟಿಯ ಒಂಬತ್ತನೇ ಮಹಡಿಗೆ, ಗಂಡ ಮತ್ತು ಹತ್ತು ವರ್ಷದ ಮಗಳು ಸೇರಿ ಒಂದು ರಾಟ್‌ವೈಲರ್ ನಾಯಿಯನ್ನು ಲಿಫ್ಟಿನಲ್ಲಿ ತಂದು ನಿಲ್ಲಿಸಿದರು. ಅಷ್ಟೊಂದು ಆಸೆಯಿದ್ದರೆ ಮೀನಿನ ತೊಟ್ಟಿ ತನ್ನಿ ಅಂದಿದ್ದೆ. ತಂದದ್ದು ಇದು. ಅದರ ತಲೆ ನಮ್ಮ ಮನೆಯ ಅನ್ನದ ಪಾತ್ರೆಗಿಂತ ದೊಡ್ಡದಿತ್ತು.

ನಾಯಿಗಳ ಆಶ್ರಯದಿಂದ ಜೊತೆಗೆ ಬಂದಿದ್ದ ಹೆಂಗಸು ಬಾಗಿಲಲ್ಲೇ ನಿಂತು ಹೇಳಿದಳು: "ಮೇಡಂ, ಅತ್ತಿಬೆಲೆ ಹತ್ರ ಮುಚ್ಚೋಗಿರೋ ಫ್ಯಾಕ್ಟ್ರಿ ಗೇಟಲ್ಲಿ ಇದನ್ನ ಚೈನ್ ಹಾಕಿ ಬಿಟ್ಟೋಗಿದ್ರು. ಒಂದೇ ಮಾತು, ಅದು ತಿನ್ನೋವಾಗ ಬಟ್ಲಿಗೆ ಕೈ ಹಾಕ್ಬೇಡಿ. ಹದಿನೈದು ದಿನ ನೋಡಿ. ಯಾರಿಗಾದ್ರೂ ಬಾಯಿ ಹಾಕಿದ್ರೆ ಫೋನ್ ಮಾಡಿ, ಕರ್ಕೊಂಡು ಹೋಗ್ತೀವಿ. ಆದ್ರೆ ಕಚ್ಚಿದ ನಾಯಿನ ಆಮೇಲೆ ಯಾರೂ ತಗೊಳ್ಳಲ್ಲ ಮೇಡಂ. ಬೋನಲ್ಲೇ ಇರ್ಬೇಕಾಗುತ್ತೆ."

ಕೊನೆಯ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಹದಿನೈದು ದಿನ ಎಂಬುದೊಂದೇ ಕೇಳಿತು. ಅಷ್ಟರಲ್ಲಿ ಒಂದು ಸಲ ಹಲ್ಲು ತೋರಿಸಲಪ್ಪಾ ಎಂದು ದಿನಾ ಶಿವನಿಗೆ ಕೈಮುಗಿದೆ. ನಾಚಿಕೆಯಾಗುತ್ತದೆ, ಆದರೆ ಮುಗಿದದ್ದು ನಿಜ. ಹಗಲು ಅದು ಎದ್ದು ಮೈ ಕೊಡವಿದರೂ ಕಾಲನ್ನು ಕುರ್ಚಿಯ ಮೇಲೆತ್ತಿಕೊಳ್ಳುತ್ತಿದ್ದೆ. ಬಚ್ಚಲಿಗೆ ಹೋಗುವಾಗ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದೆ.

ನಮ್ಮ ಜೊತೆಗೇ ಇರುವ ಅತ್ತೆಗೆ ಮಾತ್ರ ಇಂಥ ಯಾವ ಅಂಜಿಕೆಯೂ ಇರಲಿಲ್ಲ. ಬಾಗಲಕೋಟೆ ಕಡೆಯ ಹೆಂಗಸು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಹನಿ ನೀರು ಕುಡಿಯುವುದಿಲ್ಲ. ಲಿಂಗಕ್ಕೆ ತೋರಿಸಿದ ಅನ್ನ ಪ್ರಸಾದ, ಅದರಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು ಕುಡಿಯುತ್ತಾರೆ. ಮದುವೆ ಮನೆಯಲ್ಲಿ ಪಕ್ಕದವರು ಎಲೆಯಲ್ಲಿ ಬಿಟ್ಟರೂ ಗದರುವವರು. ಈಗ ಆ ಪ್ರಸಾದದ ಅನ್ನಕ್ಕೆ ಮೊಸರು ಕಲಸಿ ನಾಯಿಗೂ ಇಡುತ್ತಿದ್ದರು. ಇದರಿಂದ ಏನಾಗಬಹುದೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಪಕ್ಕದ ಬಾಲ್ಕನಿಯಲ್ಲಿ, ವಾಷಿಂಗ್ ಮಷಿನ್ ಹತ್ತಿರ, ನಾಯಿ ಉಣ್ಣುತ್ತಿತ್ತು. ಅರ್ಧ ತಿಂದು ಮುಖ ಎತ್ತಿತು. ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬೋಗುಣಿಗೆ ಕೈ ಹಾಕಿ, ಅಂಚಿಗೆ ಮೆತ್ತಿದ್ದ ಅನ್ನವನ್ನೆಲ್ಲ ಒಂದೆಡೆ ಬಳಿಯತೊಡಗಿದರು.

"ಬಿಡಬಾರದಪಾ, ಪ್ರಸಾದ ಅದು. ಇಷ್ಟ ಉಂಡುಬಿಡು."

ನಾಯಿ ಗುರ್ ಎಂದಿತು. ಆ ಸದ್ದು ನನ್ನ ಅಂಗಾಲಿಗೆ ತಾಗಿತು. ಬಾಗಿದ ಅತ್ತೆಯ ಕೊರಳಿನಲ್ಲಿದ್ದ, ಲಿಂಗವಿಟ್ಟ ಪುಟ್ಟ ಕರಡಿಗೆ ಅದರ ಮೂತಿಯ ಮುಂದೆಯೇ ತೂಗಾಡುತ್ತಿತ್ತು. ಅಯ್ಯೋ ಶಿವನೇ, ಮುಗೀತು ಅನ್ನಿಸಿತು. ಹೇಗೆ ಓಡಿದೆನೋ, ಅದರ ನೆತ್ತಿಯ ಮೇಲೆಯೇ ಲಟ್ಟಣಿಗೆ ಎತ್ತಿ ಹಿಡಿದು ನಿಂತಿದ್ದೆ.

ಅದು ಅತ್ತೆಯ ಕೈಯಿಂದ ಕಣ್ಣು ತೆಗೆದು ಲಟ್ಟಣಿಗೆ ನೋಡಿತು. ಗುರುಗುಟ್ಟುವುದು ನಿಂತಿತು. ಹೊಟ್ಟೆ ನೆಲಕ್ಕೆ ಹಚ್ಚಿ, ತೆವಳುತ್ತ ಹಿಂದೆ ಸರಿದು, ಮಷಿನ್ನು ಗೋಡೆಗಳ ಸಂದಿಯಲ್ಲಿ ತುರುಕಿಕೊಂಡಿತು. ಅಷ್ಟು ದೊಡ್ಡ ಪ್ರಾಣಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ, ಏಟು ಬೀಳುವುದನ್ನೇ ಕಾಯುತ್ತ ಮಲಗಿತು.

"ಮೊದಲ ಕೈ ಕೆಳಗ ಇಳಸವಾ," ಎಂದರು ಅತ್ತೆ.

"ಗುರ್ ಅನ್ನಲಿಲ್ಲೇನ್ರಿ ಅದು?"

"ಅಂತು. ಅದರ ತಾಟಿನ್ಯಾಗ ನಾ ಕೈ ಹಾಕೀನಿ, ತಪ್ಪು ನಂದು. ಗುರ್ ಅನ್ನದ ಏನ್ ಮಾಡತೈತಿ?"

ಸಂಜೆ ಮಗಳು ಶಾಲೆಯಿಂದ ಬಂದು ಎಷ್ಟು ಕರೆದರೂ ನಾಯಿ ಸಂದಿಯಿಂದ ಹೊರಬರಲಿಲ್ಲ. ನೀರನ್ನೂ ಮುಟ್ಟಲಿಲ್ಲ. ನಾನು ಆಶ್ರಯಕ್ಕೆ ಫೋನು ಹಚ್ಚಿದೆ. ಅತ್ತೆಯ ಮೇಲೆ ಗುರ್ ಎಂದಿತು ಎಂದರೆ ಸಾಕಿತ್ತು, ಕರೆದೊಯ್ಯುತ್ತಿದ್ದರು; ಸುಳ್ಳೂ ಆಗುತ್ತಿರಲಿಲ್ಲ.

"ಬಾಯಿ ಹಾಕ್ತಾ ಮೇಡಂ?" ಎಂದಳು ಆ ಹೆಂಗಸು. ಅವಳ ದನಿಯಲ್ಲಿ ಆಗಲೇ ಸೋಲಿತ್ತು.

"ಇಲ್ಲ. ನಾನೇ ಹೆದರಿಸಿಬಿಟ್ಟೆ. ಹೊರಗೇ ಬರ್ತಿಲ್ಲ. ಏನು ಮಾಡಲಿ?"

"ಹಂಗಾದ್ರೆ ನೀವೇ ಹೋಗಿ ಅದರ ಹತ್ರ ಕೂತ್ಕೋಬೇಕು ಮೇಡಂ. ಕೈಯಲ್ಲಿ ಏನೂ ಇರ್ಬಾರ್ದು. ಕರೀಬೇಡಿ, ಮುಟ್ಟಬೇಡಿ. ಸುಮ್ನೆ ಕೂತಿರಿ."

ಮಗಳನ್ನು ಒಳಗೆ ಕಳಿಸಿ ಬಾಲ್ಕನಿಯಲ್ಲಿ ಕೂತೆ. ಅದರ ಬಾಯಿಗೂ ನನ್ನ ಮೊಣಕಾಲಿಗೂ ಒಂದು ಗೇಣು ದೂರ. ಏಳಲೇ, ಏಳಲೇ ಎಂದು ಎಷ್ಟು ಸಲ ಅಂದುಕೊಂಡೆನೋ. ಬಲಗೈಯನ್ನು ಅಂಗೈ ಮೇಲಾಗಿ ನೆಲಕ್ಕಿಟ್ಟೆ. ಬಹಳ ಹೊತ್ತಾದ ಮೇಲೆ ಅದು ಕಣ್ಣು ತೆರೆದು ಆ ಅಂಗೈಯನ್ನು ನೋಡಿತು. ಆಮೇಲೆ ನನ್ನ ಎಡ ಭುಜದ ಕಡೆ ನೋಡುತ್ತಲೇ ಉಳಿಯಿತು. ಎಡಗೈ ಬೆನ್ನ ಹಿಂದಿತ್ತು. ಅದನ್ನೂ ಮುಂದೆ ತಂದು, ಖಾಲಿ ಅಂಗೈ ತೋರಿಸಿದೆ.